ಹುಮನಾಬಾದಿನಲ್ಲಿ ರಾಕ್ ಹಾಡಿಗೆ ದನಿ ಕೊಟ್ಟೆ

ಗೆಳೆಯರೇ, ಇವತ್ತು ಸಂಜೆ ತುಂಬಿದ ಸಭಾಂಗಣದಲ್ಲಿ ನಾನು ಬಾಯಿ ಬಿಟ್ಟೆ. ಹೌದು, ನಾನೇ!

ಹುಮನಾಬಾದಿನ ಮದುವೆ ಹಾಲ್‌ನಲ್ಲಿ ಬಸವಕಲ್ಯಾಣದ ನಾಲ್ಕು ಹುಡುಗರ ರಾಕ್ ಬ್ಯಾಂಡ್ ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತಿತ್ತು. ಮುಂದೆ ಕೂತಿದ್ದ ಕಾಕಾ ಒಬ್ಬರು ಕೂಗಿದರು: "ಏ ತಮ್ಮಾ, ಈ ಹಾಡು ಯಾರಿಗೂ ಗೊತ್ತಿಲ್ಲ. ಸಿನಿಮಾದ್ದು ಹಾಡ್ರಿ!" ಜನರೂ ಗದ್ದಲ ಎಬ್ಬಿಸಿದರು.

ಗಿಟಾರಿನ ಹುಡುಗನ ಮುಖ ಇಳಿಯಿತು. "ನಮ್ದು ಇನ್ನೊಂದ ಹಾಡ್ತೀವ್ರಿ, ಆಮ್ಯಾಲ ನಿಮ್ದು" ಎಂದು ಶುರುಮಾಡಿದ: "ಬಸ್ಸೂ ಬರಲಿಲ್ಲ, ನೀನೂ ಬರಲಿಲ್ಲ..."

ಉಸಿರಿಗೆಂದು ಅವನು ನಿಲ್ಲಿಸಿದ. ನಾನು ಮಾಣಿಕನಗರದ ಭಜನೆಗಳಲ್ಲಿ ಅವ್ವನ ಪಕ್ಕ ಕೂತು ಬೆಳೆದವಳು. ಅಲ್ಲಿ ಒಬ್ಬರು ಸಾಲು ಹೇಳಿ ಬಿಟ್ಟರೆ ಉಳಿದವರು ಎತ್ತಿಕೊಳ್ಳಬೇಕು. ಅದೇ ರೂಢಿಯಲ್ಲಿ ಗಟ್ಟಿಯಾಗಿ ಹಾಡಿಬಿಟ್ಟೆ: "ಬಸ್ಸೂ ಬರಲಿಲ್ಲ, ನೀನೂ ಬರಲಿಲ್ಲ!" ಒಬ್ಬಳೇ.

ಇಡೀ ಹಾಲ್ ನಕ್ಕಿತು. ಗೆಳತಿ ಶಬಾನಾ ಚಿವುಟಿದಳು. "ಏ ಹುಚ್ಚಿ, ಇದೇನ ಭಜನಿ ಅಂತ ತಿಳದೀ?"

ಆ ಹುಡುಗ ಮಾತ್ರ ನಗಲಿಲ್ಲ. ನನ್ನ ಕಡೆ ನೋಡುತ್ತ ಅದೇ ಸಾಲನ್ನು ಮತ್ತೆ ಹಾಡಿ, ಕಾದ. ಈ ಸಲ ಹಿಂದೆ ಕೂತಿದ್ದ ಹೆಂಗಸರೆಲ್ಲ ಎತ್ತಿಕೊಂಡರು. ಮುಂದಿನ ಸಲಕ್ಕೆ ಹಾಲ್ ಅದುರಿತು. ಶಬಾನಾಳ ಗಂಟಲು ನನಗಿಂತ ಜೋರು!

ಹಾಡು ಮುಗಿಸಿ ಹುಡುಗ ಕೇಳಿದ, "ಈಗ ಸಿನಿಮಾದ್ದು ಹಾಡಲೇನ್ರಿ?"

ಕಾಕಾ ಎದ್ದು ನಿಂತು ಗದರಿದರು: "ಬ್ಯಾಡೋ! ಇದನ್ನ ಇನ್ನೊಮ್ಮಿ ಹಾಡು. ನನಗ ಈಗ ಬರಾಕತ್ತದ!"

ಹೊಸ ಬ್ಯಾಂಡಿನ ಮುಂದೆ ಕೂತಾಗ ಗೊತ್ತಿಲ್ಲದ ಹಾಡನ್ನೇ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಕಾಕಾ ಅವರದೂ ಈಗ ಅದೇ ಇರಬೇಕು. ಆಟೊ ಸ್ಟ್ಯಾಂಡಿನ ತನಕ ನಮ್ಮ ಹಿಂದೆ ಅದನ್ನೇ ತಪ್ಪುತಪ್ಪಾಗಿ ಹಾಡುತ್ತ ಬಂದರು.