ಯಾರ ಮಗಳೂ ಅಲ್ಲದ ಮುಖ

ಕಾಪುವಿನಲ್ಲಿ ಮೊದಲ ಸಲ ಫೋಟೋ ತೆಗೆಸಿಕೊಂಡ ಬೆಳಿಗ್ಗೆ ಸಮುದ್ರ ಯಾವ ಬಣ್ಣದಲ್ಲಿತ್ತು ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಹಸಿರುನೀಲಿ ಎನ್ನುತ್ತೇನೆ. ಅದು ಫೋಟೋ ತೆಗೆದ ಗೆಳೆಯ ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೊಟ್ಟ ಬಣ್ಣ. ಮಳೆ ಆಗಷ್ಟೇ ಬಿಟ್ಟಿತ್ತು; ನೀರು ಕೆಂಪಗೆ ಕದಡಿಯೇ ಇದ್ದಿರಬೇಕು. ಆ ಕಾಲದ ನನ್ನ ನೆನಪುಗಳೆಲ್ಲ ಹೀಗೆ ತಿದ್ದಿದ ಚಿತ್ರಗಳ ಮೂಲಕವೇ ಬರುತ್ತವೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನೂ ನಾನು ಪೂರ್ತಿಯಾಗಿ ನಂಬಿಲ್ಲ.

ಮಾಡೆಲ್ ಆಗಬೇಕು ಎಂಬ ಆಸೆ ಮಣಿಪಾಲದಲ್ಲಿ ಎಂ.ಎ. ಓದುವಾಗ ಗಟ್ಟಿಯಾಯಿತು. ಒಂದು ದಿನ ಹೊರಗಿನಿಂದ ಬಂದವರೊಬ್ಬರು ಪರ್ಸನಲ್ ಬ್ರ್ಯಾಂಡ್ ಬಗ್ಗೆ ಮಾತಾಡಿದರು. ಎಲ್ಲ ಕಡೆ ಒಂದೇ ಹೆಸರು, ಒಂದೇ ರೀತಿ. ನಿಮ್ಮ ಮುಖ ಕಂಡ ತಕ್ಷಣ ನೀವೇ ನೆನಪಾಗಬೇಕು, ಬೇರೇನೂ ಅಲ್ಲ ಎಂದರು. ಆ ‘ಬೇರೇನೂ ಅಲ್ಲ’ ನನಗೆ ಹಿಡಿಸಿತು. ಹೆಸರಿನ ಮುಂದಿದ್ದ ಮನೆತನದ ಹೆಸರನ್ನು ತೆಗೆದುಹಾಕಿ, ಇನ್‌ಸ್ಟಾಗ್ರಾಮಿನಲ್ಲಿ ಬರಿಯ ನನ್ನ ಹೆಸರಿನ ಒಂದು ಪುಟ ತೆರೆದೆ. ನನ್ನ ಮುಖಕ್ಕೋಸ್ಕರ ಒಬ್ಬರಾದರೂ ಕರೆಯಬೇಕು ಎಂಬುದಷ್ಟೇ ನನಗೆ ಬೇಕಾಗಿದ್ದುದು. ಈಗ ಬರೆದಾಗ ಅದು ತುಂಬ ಸಣ್ಣದಾಗಿ ಕಾಣುತ್ತದೆ.

ಆ ಬೆಳಿಗ್ಗೆ ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ನಾನು ಕನ್ನಡಕ ತೆಗೆದಿಟ್ಟು ಗದ್ದ ಎತ್ತಿ ನಿಂತಿದ್ದೆ. ಬಾಗಲಕೋಟೆ ಕಡೆಯಿಂದ ಮಣಿಪಾಲಕ್ಕೆ ಓದಲು ಬಂದಿದ್ದ ಗೆಳೆಯ ಕ್ಯಾಮೆರಾ ಹಿಡಿದಿದ್ದ. ಅಷ್ಟರಲ್ಲಿ ಮೀನಿನ ಬುಟ್ಟಿ ಹಿಡಿದುಕೊಂಡಿದ್ದ ಹೆಂಗಸೊಬ್ಬರು ಹತ್ತಿರ ಬಂದು ತುಳುವಿನಲ್ಲಿ “ಇಲ್ಲ್ ಓಲು?” ಎಂದರು. ಮನೆ ಎಲ್ಲಿ ಎಂದು. ನಮ್ಮಲ್ಲಿ ಹೆಸರಿಗಿಂತ ಮೊದಲು ಕೇಳುವುದು ಇದನ್ನೇ.

“ಮಣಿಪಾಲ,” ಎಂದೆ.

“ಮಣಿಪಾಲದಲ್ಲಿ ಯಾರಿಗೆ ಮನೆ ಉಂಟು ಮಗಾ? ಅಲ್ಲಿ ಎಲ್ಲರಿಗೂ ಇರುವುದು ರೂಮು. ಅಪ್ಪನ ಮನೆ ಎಲ್ಲಿ, ಅಮ್ಮನ ಮನೆ ಎಲ್ಲಿ?”

ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. ಈಗಿನ ಮನೆ ಕಟಪಾಡಿ, ಅಮ್ಮ ಎರ್ಮಾಳಿನವರು ಎಂದೆ. ಅವರು ಅಜ್ಜಿಯ ಹೆಸರು ಕೇಳಿದರು, ಸೋದರಮಾವನ ಹೆಸರನ್ನು ತಾವೇ ಹೇಳಿದರು, ನನ್ನ ಮೂಗು ಯಾರದ್ದೆಂದೂ ತೀರ್ಮಾನಿಸಿ ಹೊರಟರು. ಗೆಳೆಯ ನಗು ತಡೆಯಲಾರದೆ ಕ್ಯಾಮೆರಾ ಇಳಿಸಿದ. “ನಿಮ್ಮ ಊರಾಗ ಮಾಡೆಲಿಂಗ್ ಮಾಡಾಕ ಫೋಟೋ ಬ್ಯಾಡ ಬಿಡು. ವಂಶಾವಳಿ ಒಂದಿದ್ರ ಸಾಕು.”

ಸಂಜೆ ಮನೆಗೆ ಹೋಗುವಷ್ಟರಲ್ಲಿ ಅಮ್ಮನಿಗೆ ಗೊತ್ತಾಗಿತ್ತು. ಬೈಯಲಿಲ್ಲ. “ಗಾಳಿಗೆ ಕೂದಲು ಬಿಟ್ಟುಕೊಂಡು ನಿಂತಿದ್ದಿಯಂತೆ. ಕಟ್ಟಿಕೊಂಡಾದರೂ ನಿಲ್ಲಬಾರದಾ ಮಾರಾಯ್ತಿ?” ಎಂದಷ್ಟೇ ಹೇಳಿದರು. ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತಂದಾಗ ಮಾತು ಮೆತ್ತಗಾಗುತ್ತದೆ. ನಿಜಕ್ಕೂ ಅಷ್ಟು ಮೆತ್ತಗಿತ್ತೋ ಇಲ್ಲವೋ.

ಪುಟವನ್ನು ನೋಡುವವರು ಹೆಚ್ಚುತ್ತಾ ಹೋದರು. ಎಲ್ಲ ದೂರದ ಅಪರಿಚಿತರು. ಕೆಲಸ ಮಾತ್ರ ಬರಲಿಲ್ಲ. ಉಡುಪಿಯ ಬಟ್ಟೆ ಅಂಗಡಿಗಳಿಗೆ ಫೋಟೋಗಳನ್ನು ಹಿಡಿದುಕೊಂಡು ಹೋದರೆ ಕೂರಿಸಿ, ನೀರು ಕೊಟ್ಟು, “ಯಾರ ಕಡೆಯಿಂದ ಬಂದದ್ದು?” ಎಂದು ಕೇಳುತ್ತಿದ್ದರು. ನಾನಾಗಿಯೇ ಬಂದದ್ದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಕೊನೆಗೆ ದಾರಿ ತೆರೆದವರು ಕಾರ್ಕಳದ ದೊಡ್ಡಮ್ಮ. ಅಮ್ಮನ ಅಕ್ಕ. ತಮ್ಮ ಮನೆಯ ಮದುವೆಗಳಿಗೆಲ್ಲ ಸೀರೆ ತೆಗೆಯುವ ಅಂಗಡಿಗೆ ಹೋಗಿ ನನ್ನ ವಿಷಯ ಹೇಳಿದರು. ಮರುದಿನವೇ ಫೋನು ಬಂತು. “ಅವರ ತಂಗಿಯ ಮಗಳಾ? ಮೊದಲೇ ಹೇಳಬಾರದಿತ್ತಾ? ನಮ್ಮ ಹುಡುಗಿಯೇ ಆಯಿತಲ್ಲ!” ನನ್ನ ಮುಖಕ್ಕೆ ಸಿಕ್ಕಿದ ಕರೆ ಅದಲ್ಲವೆಂದು ಆಗಲೇ ಗೊತ್ತಿತ್ತು. ಆದರೂ ಒಮ್ಮೆ ಫ್ಲೆಕ್ಸಿನ ಮೇಲೆ ಬಂದರೆ ಆಮೇಲೆ ಮುಖ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ ಎಂದುಕೊಂಡು ಹೋದೆ.

ಇಡೀ ದಿನ ರೇಷ್ಮೆ ಸೀರೆ ಉಟ್ಟು ಬಿಚ್ಚಿ, ಉಟ್ಟು ಬಿಚ್ಚಿ ನಿಂತೆ. ಆ ದಿನ ಚೆನ್ನಾಗಿ ಮಾಡಿದೆ ಎಂಬುದೊಂದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಫ್ಲೆಕ್ಸ್ ಹಾಕಿದ್ದಾರೆಂದು ತಿಳಿದ ದಿನ ಗೆಳೆಯನನ್ನು ಕರೆದುಕೊಂಡು ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. ಅಂಗಡಿಯ ಮೇಲೆ ಎರಡು ಮಹಡಿಯೆತ್ತರದ ಚಿತ್ರ. ನೇರಳೆ ಸೀರೆ ನಾನು ಉಟ್ಟದ್ದು. ಸೊಂಟದ ಮೇಲಿಟ್ಟ ಕೈ ನನ್ನದು. ಮೊಣಕೈಯ ಹತ್ತಿರದ ಸುಟ್ಟ ಕಲೆಯೂ ಹಾಗೇ ಇತ್ತು. ಮುಖ ಮಾತ್ರ ಬೇರೆಯವಳದ್ದು. ಅವಳು ಬಹಳ ಚಂದ ಇದ್ದಳು. ಗೆಳೆಯ ತುಂಬ ಹೊತ್ತು ನೋಡಿ, “ಬಾ, ಚಹಾ ಕುಡಿಯೋಣು,” ಎಂದ. ಯಾವಾಗಲೂ ತಮಾಷೆ ಮಾಡುವವನು ಅಂದು ಮಾಡಲಿಲ್ಲ.

ನಾನು ಅಂಗಡಿಯೊಳಗೆ ಹೋದೆ. ಯಜಮಾನರು ಎದ್ದು ನಿಂತು ಬರಮಾಡಿಕೊಂಡರು. ಮುಚ್ಚಿಡುವಂಥದ್ದು ಏನಾದರೂ ಉಂಟು ಎಂಬ ಅಳುಕು ಅವರ ಮುಖದಲ್ಲಿರಲಿಲ್ಲ.

“ಪರಿಚಯದ ಮುಖ ಹಾಕಿದರೆ ಸೀರೆ ಯಾರು ನೋಡುತ್ತಾರೆ ಹೇಳಿ? ಇದು ಯಾರ ಮಗಳು, ಗಂಡು ನೋಡುತ್ತಿದ್ದಾರಾ, ಮನೆಯಲ್ಲಿ ಎಂತ ಕಷ್ಟ ಉಂಟು ಅಂತ ಕೇಳುತ್ತಾರೆ. ನಿಮ್ಮ ದೊಡ್ಡಮ್ಮ ನಮಗೆ ಬೇಕಾದವರು. ಅವರಿಗೆ ಒಂದು ಮಾತು ಬರಬಾರದು, ಅಲ್ವಾ? ಅದಕ್ಕೇ ಕಂಪ್ಯೂಟರಿನಲ್ಲಿ ಒಂದು ಮುಖ ಮಾಡಿಸಿದ್ದು. ಅದು ಯಾರ ಮಗಳೂ ಅಲ್ಲ.”

“ನನ್ನನ್ನು ಕೇಳಬಹುದಿತ್ತು,” ಎಂದೆ. ಹೇಳಿದೆನೋ, ಹೇಳಬೇಕೆಂದುಕೊಂಡೆನೋ. ಹೇಳಿರಲೇಬೇಕು, ಏಕೆಂದರೆ ಉತ್ತರ ನೆನಪಿದೆ.

“ಕೇಳಿದ್ದೇವಲ್ಲ! ದೊಡ್ಡಮ್ಮನಲ್ಲಿ ಕೇಳಿಯೇ ಮಾಡಿದ್ದು.”

ಅಲ್ಲೇ ಸೀರೆ ನೋಡುತ್ತಿದ್ದ ಹೆಂಗಸು ತಲೆಯೆತ್ತಿ, “ಹೊರಗೆ ಹಾಕಿದ್ದೀರಲ್ಲ, ಆ ಹುಡುಗಿ ಯಾರು? ಲಾಯ್ಕುಂಟು, ಭಾರೀ ಚಂದ,” ಎಂದರು. ಕಂಪ್ಯೂಟರಿನದ್ದು ಎಂದು ಯಜಮಾನರು ಹೇಳಿದರು. “ಹೌದಾ,” ಎಂದು ಆಕೆ ಸಮಾಧಾನದಿಂದ ಸೆರಗು ಬಿಡಿಸಿ ನೋಡತೊಡಗಿದರು. ಮತ್ತೇನೂ ಕೇಳಲಿಲ್ಲ.

ದೊಡ್ಡಮ್ಮನಿಗೆ ಸಿಟ್ಟಿನಿಂದ ಫೋನು ಮಾಡಿದೆ. ಅವರಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. “ನೀನು ನಿಂತದ್ದು ನಿಂತದ್ದೇ ಅಲ್ವಾ ಮಗಾ? ಮುಖ ಇಲ್ಲದೆಯೂ ಕೆಲಸ ಆಯಿತಲ್ಲ!” ಅಮ್ಮನಂತೂ ಮುಖ ಬಾರದಿದ್ದುದೇ ಒಳ್ಳೆಯದಾಯಿತೆಂದು ದೇವರಿಗೆ ದೀಪ ಹಚ್ಚಿದರು. ಇಬ್ಬರೂ ನನಗೆ ಕೆಟ್ಟದ್ದು ಬಯಸಿದವರಲ್ಲ. ಅಂಗಡಿಯವರೂ ಅಲ್ಲ. ಜಗಳವಾಡಲು ಕೆಟ್ಟವರೊಬ್ಬರಾದರೂ ಸಿಕ್ಕಿದ್ದರೆ ನಾನು ಇನ್ನೊಂದಷ್ಟು ಕಾಲ ಹಟ ಹಿಡಿಯುತ್ತಿದ್ದೆನೇನೋ.

ಫ್ಲೆಕ್ಸಿನ ಫೋಟೋವನ್ನು ನನ್ನ ಪುಟದಲ್ಲಿ ಹಾಕಿ, ಇದರಲ್ಲಿ ನಿಂತಿರುವುದು ನಾನು ಎಂದು ಬರೆದೆ. ಮೊದಲಿನಿಂದಲೂ ನನ್ನನ್ನು ನೋಡುತ್ತಿದ್ದ ಯಾರೋ ಒಬ್ಬರು ಕೆಳಗೆ ಬರೆದರು: “ಬೇರೆಯವರ ಫೋಟೋ ಹಾಕಿ ಯಾಕೆ ಹೀಗೆ ಮಾಡ್ತೀರಿ?” ಮೊಣಕೈಯ ಕಲೆ ನೋಡಿ ಎಂದು ಉತ್ತರ ಬರೆದು, ಅಳಿಸಿದೆ.

ಆಮೇಲೆ ಕೆಲಸ ಬಂತು ಎಂಬುದೇ ವಿಚಿತ್ರ. ಮಾತು ಅಂಗಡಿಯಿಂದ ಅಂಗಡಿಗೆ ಹೋಗಿತ್ತು: ಒಳ್ಳೆಯ ಮನೆಯ ಹುಡುಗಿ, ಸೀರೆ ಚಂದ ನಿಲ್ಲುತ್ತದೆ, ಮುಖದ ತಕರಾರು ಇಲ್ಲ. ಉಡುಪಿಯ ಅಂಗಡಿಯೊಂದರಿಂದ ಕರೆ ಬಂದಾಗ ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಯಾವ ದಿನ ಬರಬೇಕು ಎಂದು ಕೇಳಿದೆ.

ಅಲ್ಲಿ ಮೇಕಪ್ ಮಾಡುವಾಕೆ ನನ್ನನ್ನು ಕನ್ನಡಿಯ ಮುಂದೆ ಕೂರಿಸಿ, ಕೈಗಳಿಗೆ, ಕುತ್ತಿಗೆಗೆ, ಬೆನ್ನಿನ ಮೇಲ್ಭಾಗಕ್ಕೆ ಬಣ್ಣ ಹಚ್ಚಿದಳು. ಗದ್ದದ ಕೆಳಗೆ ಬಂದು ನಿಲ್ಲಿಸಿದಳು.

“ಮೇಲೆ ಬೇಡ ಅಂದಿದ್ದಾರೆ ಅಕ್ಕ. ನಿಮಗೆ ಕನ್ನಡಕ ಬೇಕಾದರೆ ಹಾಕಿಕೊಂಡೇ ನಿಲ್ಲಬಹುದಂತೆ.”

ನಾನು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಎದ್ದು ನಿಂತೆ. ಅವಳು ಸೀರೆಯ ನೆರಿಗೆ ಹಿಡಿಯಲು ಕೆಳಗೆ ಕುಳಿತಳು.