ಪಾತಣ್ಣನ ಬಾಣಕ್ಕೆ ಯಾವ ಹಕ್ಕಿಯ ಗರಿ

ಕೋಳಿ ಕೂಗುವ ಹೊತ್ತು ಎಂದು ಬರೆಯೋಣವೆಂದರೆ ಈ ಹಟ್ಟಿಯಲ್ಲಿ ಕೋಳಿಯೇ ಇಲ್ಲ. ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರ ಹಟ್ಟಿ ಇದು. ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ; ಅದು ಕುಲದ ಕಟ್ಟಳೆ. ಇಲ್ಲಿ ಬೆಳಕು ಹರಿಯುವುದು ದನಗಳ ಕೊರಳ ಗಂಟೆಗೆ. ದಸರೆಗೆ ಮುಂಚಿನ ಒಂದು ಬೆಳಿಗ್ಗೆ, ಆ ಗಂಟೆಗೂ ಮೊದಲೇ ಎದ್ದ ಪಾತಣ್ಣ ಗುಡಿಸಲ ಮುಂದೆ ಜಾಲಿ ಕೆಂಡ ಹರವಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ.

ಕೈಯಲ್ಲಿ ಎರಡು ಮೊಳದ ಬಿದಿರು ಕಡ್ಡಿ. ಅದನ್ನು ಕೆಂಡದ ಮೇಲೆ ಆಡಿಸುತ್ತಾರೆ, ಬಿಸಿ ಏರಿದ ಕಡೆ ಹೆಬ್ಬೆರಳಿಟ್ಟು ಒತ್ತುತ್ತಾರೆ, ಎಡಗಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ದಿಟ್ಟಿಸುತ್ತಾರೆ. ಮತ್ತೆ ಕೆಂಡ, ಮತ್ತೆ ಹೆಬ್ಬೆರಳು.

"ಸೊಟ್ಟ ಇರೋದು ಕಣ್ಣಿಗೆ ಕಾಣ್ತೈತೆ. ನಾಳೆ ಸೊಟ್ಟ ಆಗ್ತೀನಿ ಅಂತ ಒಳಗೇ ಕೂತಿರ್ತೈತಲ್ಲ, ಅದು ಹೆಬ್ಬೆಟ್ಟಿಗೇ ಗೊತ್ತಾಗ್ಬೇಕು" ಎನ್ನುತ್ತಾರೆ.

ಒಳಗಿನಿಂದ ಹೆಂಡತಿ ಕ್ಯಾತಮ್ಮನ ದನಿ: "ಇಷ್ಟೊತ್ತಿಗೆ ಒಂದು ಮಂಕರಿ ಸಗಣಿ ಎತ್ತಿದ್ರೆ ತಿಪ್ಪೆಗಾದ್ರೂ ಆಗ್ತಿತ್ತು."

"ನೀನು ಎತ್ತು, ನಾನು ನೋಡ್ತಾ ಇರ್ತೀನಿ" ಎಂದು ಪಾತಣ್ಣ ಕಡ್ಡಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ.

ವಯಸ್ಸು ಅರವತ್ತರ ಆಸುಪಾಸು. ಹೊಟ್ಟೆಗೆ ಬೇರೆಯವರ ಆಡು ಕಾಯುವ ಕೆಲಸ, ಶೇಂಗಾ ಕೀಳುವ ಕಾಲದಲ್ಲಿ ಕೂಲಿ. ಬಾಣದ ಕೆಲಸ ಸೋದರಮಾವನಿಂದ ಬಂದದ್ದು. ಬೇಟೆ ನಿಂತು ಎಷ್ಟೋ ಕಾಲವಾಯಿತು, ಕಾನೂನು ಇದೆ, ಬೇಟೆಯಾಡಲು ಕಾಡೂ ಇಲ್ಲ. ಆದರೆ ವಿಜಯದಶಮಿಯ ಸಂಜೆ ಬನ್ನಿಗಿಡದ ಮುಂದೆ ಬಾಳೆಕಂಬ ನೆಟ್ಟು, ಹಟ್ಟಿಯ ಪೂಜಾರಿ ದೊಡ್ಡಪಾಲಯ್ಯ ಅದಕ್ಕೊಂದು ಬಾಣ ಬಿಡಬೇಕು. ಆಮೇಲೇ ಜನ ಬನ್ನಿ ಮುಡಿಯುವುದು. ಆ ಬಾಣ ಪಾತಣ್ಣನದು. ಸರ್ಕಾರದ ಕಲಾವಿದರ ಪಟ್ಟಿಯಲ್ಲಿ ಕುಣಿಯುವವರಿದ್ದಾರೆ, ಹಾಡುವವರಿದ್ದಾರೆ. ಬಾಣದ ಸೊಟ್ಟ ತೆಗೆಯುವವನಿಗೆ ಕಾಲಂ ಇಲ್ಲ. ಬ್ರಹ್ಮಗಿರಿಯ ಶಾಸನದ ಕಲ್ಲು ನೋಡಲು ಕಾರುಗಳು ಬರುತ್ತವೆ. ಹಟ್ಟಿಯ ಕಡೆಗೆ ಒಂದೂ ತಿರುಗುವುದಿಲ್ಲ.

ಬಾಣ ಮಾಡುವುದು ಬೇರೆ, ಹದ ಮಾಡುವುದು ಬೇರೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ ಕಡ್ಡಿಗೆ ಮೊದಲು ಗರಿ ಕಟ್ಟುವುದಿಲ್ಲ. ಬೋಳಾಗಿಯೇ ಬಿಲ್ಲಿಗೆ ಹೂಡಿ ಮಣ್ಣಿನ ಗುಡ್ಡೆಗೆ ಬಿಡುತ್ತಾರೆ. ಯಾವ ಕಡೆ ವಾಲಿತೆಂದು ನೋಡಿ, ಗಾಜಿನ ಚೂರಿನಿಂದ ಅಲ್ಲಿಷ್ಟು ಇಲ್ಲಿಷ್ಟು ಹೆರೆಯುತ್ತಾರೆ. "ಗರಿ ಕಟ್ಟಿದ ಬಾಣ ಬಣ್ಣದ ಮಾತಾಡ್ತೈತೆ. ಬೋಳು ಬಾಣ ಸುಳ್ಳು ಹೇಳಲ್ಲ" ಎಂಬುದು ಅವರ ಮಾತು. ಕೊನೆಗೆ ಮೂರು ಗರಿ. ಮೂರೂ ಒಂದೇ ಮಗ್ಗುಲಿನ ರೆಕ್ಕೆಯವಾಗಿರಬೇಕು. ಎಡಕ್ಕೆ ಬಲ ಬೆರೆತರೆ ಬಾಣ ತಲೆ ಅಲ್ಲಾಡಿಸುತ್ತದೆ.

ಹೋದ ವರ್ಷ ಆದದ್ದೇ ಅದು. ಪಾತಣ್ಣ ಕಟ್ಟುತ್ತಿದ್ದುದು ರಣಹದ್ದಿನ ಗರಿ. ಸತ್ತ ದನದ ಮೇಲೆ ಹಿಂಡಾಗಿ ಇಳಿಯುತ್ತಿದ್ದ ಆ ಹಕ್ಕಿಗಳು ಕೆಲವು ವರ್ಷಗಳಿಂದ ಕಾಣುತ್ತಿಲ್ಲ. ಎಲ್ಲಿಗೆ ಹೋದವು ಎಂದು ಹಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲ. ನವಿಲುಗರಿ ಸಿಗುತ್ತದೆ, ಆದರೆ ಒಮ್ಮೆ ಅದಕ್ಕಾಗಿ ಫಾರೆಸ್ಟಿನವರು ಒಂದು ಹಗಲಿಡೀ ಕೂರಿಸಿದ ಮೇಲೆ ಪಾತಣ್ಣ ಅದರ ತಂಟೆಗೆ ಹೋಗಿಲ್ಲ. ಉಳಿದಿದ್ದ ಹಳೆಯ ಗರಿಗಳಲ್ಲಿ ಎಡ ಬಲ ಬೆರೆಸಿ ಕಟ್ಟಿದರು. ಬಾಣ ಬಾಳೆಕಂಬದ ಮುಂದೆ ಧೂಳಿಗೆ ಬಿತ್ತು. ಪಾತಣ್ಣನ ಕಣ್ಣು ಹೋಯಿತು ಎಂದರು ಕಟ್ಟೆಯ ಮೇಲಿನವರು. ಈ ವರ್ಷವೂ ಬಿದ್ದರೆ ಪೇಟೆಯ ಆಟದ ಸಾಮಾನಿನ ಅಂಗಡಿಯಿಂದ ಬಾಣ ತರುವುದು ಎಂದು ಆಗಲೇ ತೀರ್ಮಾನವಾಯಿತು.

ಈ ಸಲ ಹಬ್ಬಕ್ಕೆ ಮುಂಚೆ ಹಟ್ಟಿಯದೇ ಒಬ್ಬ ಹುಡುಗ ಕಾಗದದಲ್ಲಿ ಸುತ್ತಿ ಗರಿ ತಂದುಕೊಟ್ಟ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದುಡಿಯುವವನು. ಬರೆಯುವಾಗ ಅವನ ಹೆಸರು ಹಾಕಬಾರದೆಂದು ಪಾತಣ್ಣ ಮಾತು ತೆಗೆದುಕೊಂಡಿದ್ದಾರೆ. ಕೆಂಪು ಮಿಶ್ರಿತ ಕಂದು ಬಣ್ಣ, ಮೇಲೆ ಹೊಳಪು, ಎಲ್ಲವೂ ಒಂದೇ ರೆಕ್ಕೆಯವು. ಆಂಧ್ರದ ಲಾರಿ ಡ್ರೈವರ್ ಕೊಟ್ಟ ಕಾಡುಹಕ್ಕಿಯ ಗರಿ ಎಂದ. ಕಟ್ಟಿ ಬಿಟ್ಟು ನೋಡಿದರೆ ಬಾಣ ದಾರ ಎಳೆದ ಹಾಗೆ ಹೋಯಿತು. ಅಂಥ ಬಾಣ ಕಂಡು ಎಷ್ಟು ವರ್ಷವಾಗಿತ್ತೋ.

ಅಲಗು ಬಿಗಿ ಮಾಡಿಸಲೆಂದು ಅದನ್ನು ಮೊಳಕಾಲ್ಮೂರಿನ ಕುಲುಮೆಗೆ ಒಯ್ದರು. ಕುಲುಮೆಯ ಬಾಷಾ ಸಾಬ್ ಬಾಣ ತಿರುಗಿಸಿ ನೋಡಿ ನಕ್ಕರು.

"ಏನ್ ಪಾತಣ್ಣ, ಮನೇಲಿ ಮುರ್ಗಿ ಸಾಕಿದ್ಯಾ?"

"ಯಾಕೋ ಸಾಬಣ್ಣ, ಬಾಯಿ ತೊಳ್ಕೊ."

"ಇದು ಹುಂಜದ ಗರಿ ಕಣಪ್ಪ. ನಮ್ಮ ಹಿತ್ತಲಾಗೆ ತಿರುಗ್ತಾವೆ, ನಾ ಕಾಣ್ದೇನಾ?"

ಗೂಗೆ, ಗಿಡುಗ, ಕೊಕ್ಕರೆ ಯಾವುದರ ಗರಿಯನ್ನಾದರೂ ಕತ್ತಲಲ್ಲಿ ಸವರಿ ಹೇಳುವ ಪಾತಣ್ಣನಿಗೆ ಕೋಳಿಯ ಗರಿ ಗೊತ್ತಾಗಲಿಲ್ಲ. "ದೂರದಿಂದ ಕಂಡೀನಿ. ಹತ್ರ ಹೋಗಿ ರೆಕ್ಕೆ ಬಿಚ್ಚಿ ನೋಡೋಕೆ ನಂಗೇನು ಕೆಲಸ?" ಎನ್ನುತ್ತಾರೆ. ಬಾಣವನ್ನು ಬರಿಗೈಯಲ್ಲಿ ಮತ್ತೆ ಮುಟ್ಟಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಊರಿಗೆ ಬಂದ ಹುಡುಗನನ್ನು ಹಿಡಿದು ಕೇಳಿದರೆ ಅವನೇನೂ ತಡವರಿಸಲಿಲ್ಲ.

"ಹ್ಞೂಂ ಮಾವ, ಕೋಳೀದೇ. ನಿನ್ನ ಮಾನ ಉಳೀಲಿ ಅಂತ ತಂದೆ. ಯಾರಿಗೆ ಗೊತ್ತಾಗ್ತೈತೆ? ಚಳ್ಳಕೆರೆಗೆ ಹೋದೋರು ಏನು ತಿಂತಾರೆ ಅಂತ ನಿಂಗೇನು ಗೊತ್ತಿಲ್ವಾ?"

ಹುಡುಗ ಹೇಳಿದ್ದು ಸುಳ್ಳಲ್ಲ. ವಾರವೆಲ್ಲ ಮಿಲ್ಲಿನ ಎದುರಿನ ಹೋಟೆಲಿನಲ್ಲಿ ಕೋಳಿಮೂಳೆ ಚೀಪಿ, ಊರಿನ ಬಸ್ಸು ಹತ್ತುವ ಮುಂಚೆ ಬಾಯಿ ಮುಕ್ಕಳಿಸುವವರು ಒಬ್ಬಿಬ್ಬರಲ್ಲ. ಕಟ್ಟೆಯ ಮೇಲೆ ಕೂತು ಪಾತಣ್ಣನ ಕಣ್ಣಿಗೆ ತೀರ್ಪು ಕೊಟ್ಟವರಲ್ಲೂ ಅವರಿದ್ದರು.

"ಅವರ ಹೊಟ್ಟೆ ಅವರದು ಕಣ್ಲಾ. ಬಾಣ ನಂದು" ಎಂದರು ಪಾತಣ್ಣ.

ಆ ಬಾಣವನ್ನು ಕಡ್ಡಿ ಸಮೇತ ಕೆಂಡಕ್ಕೆ ಹಾಕಿ, ಗಂಜಲದಲ್ಲಿ ಕೈ ತೊಳೆದು, ಹಬ್ಬದ ಹಿಂದಿನ ದಿನ ಬೇರೆ ಕಡ್ಡಿ ಹದ ಮಾಡಿದರು. ಗುಡ್ಡದ ಬಂಡೆಗಳ ಸಂದಿಯಲ್ಲಿ ಅಲೆದು ಹುಡುಕಿದಾಗ ಸಿಕ್ಕಿದ್ದು ಹದ್ದಿನ ಮೂರು ಗರಿ: ಎಡದವು ಎರಡು, ಬಲದ್ದು ಒಂದು. ಬಾಣ ಹೇಗೆ ಹೋಗುತ್ತದೆಂದು ಕಟ್ಟುವಾಗಲೇ ಗೊತ್ತಿತ್ತು. ದೊಡ್ಡಪಾಲಯ್ಯನ ಹತ್ತಿರ ಹೋಗಿ ಹೇಳಿದರು: "ಪೂಜಾರಪ್ಪ, ಈ ಸಲ ಒಂದು ಗೇಣು ಮೇಲಕ್ಕೆ ಗುರಿ ಹಿಡೀರಿ."

"ಬಿಲ್ಲು ಹಿಡಿಯೋದ್ನ ನೀನು ನಂಗೆ ಕಲಿಸ್ತೀಯಾ?" ಎಂದರು ಪೂಜಾರಿ.

ವಿಜಯದಶಮಿಯ ಸಂಜೆ ಬಾಣ ತಲೆ ಅಲ್ಲಾಡಿಸುತ್ತಲೇ ಹೋಗಿ ಬಾಳೆಕಂಬದ ಬುಡದ ಮಣ್ಣಿಗೆ ನಾಟಿತು. ಜನ ಬನ್ನಿ ಹಂಚಿಕೊಂಡರು. ಕಟ್ಟೆಯ ಮೇಲೆ ಮಾತು ಬಹಳ ಹೊತ್ತು ನಡೆಯಲಿಲ್ಲ: ಮುಂದಿನ ವರ್ಷದಿಂದ ಅಂಗಡಿ ಬಾಣ. ಪಾತಣ್ಣ ಕೈಕಟ್ಟಿ ನಿಂತಿದ್ದರು. ದಾರದಂತೆ ಹೋಗುವ ಬಾಣವೊಂದು ತನ್ನ ಕೈಯಲ್ಲೇ ಇತ್ತು ಎಂದು ಅಲ್ಲಿ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೇಳಿದ್ದರೆ ಹುಡುಗನಿಗೆ ದಂಡ ಬೀಳುತ್ತಿತ್ತು.

ಬೇಸರವಿಲ್ಲವೇ ಎಂದು ಕೇಳಿದರೆ ಪಾತಣ್ಣ ಆಡುಗಳ ಹಿಂದೆ ಹೆಜ್ಜೆ ಹಾಕುತ್ತಲೇ ಉತ್ತರಿಸುತ್ತಾರೆ.

"ತರ್ಲಿ ಬಿಡಿ, ನಂಗೂ ವಯಸ್ಸಾಯ್ತು. ಒಂದೇ ಮಾತು. ಯಾವ ಹಕ್ಕಿ ಗರಿ ಕಟ್ಟವ್ರೆ ಅಂತ ಅಂಗಡಿಯೋನ್ನ ಕೇಳಿ ತರ್ಲಿ. ನಾನೂ ಸರಿಯಾಗಿ ಕೇಳ್ದಲೇ ಕಟ್ಟಿದ್ದೆ. ತಿಳಿದ್ಮೇಲೆ ಸುಟ್ಟು ಬೇರೆ ಮಾಡ್ದೆ. ಅವ್ರಿಗೆ ಸುಡೋಕೆ ಬರ್ತೈತೆ, ಬೇರೆ ಮಾಡೋಕೆ ಬರಲ್ಲ."