ಒಂದನೇ ನಂಬರು ಬಾಯ್ಲರಿಗೆ

ಇಂಟರ್‌ಕಾಮಿನ ನಂಬರು ಬದಲಿಸಲು ನನಗೆ ತಗುಲಿದ ಖರ್ಚು ಎರಡು ಚೀಲ ಸೋನಾ ಅಕ್ಕಿ, ಜೊತೆಗೆ ಬೀಗರ ಮೂರು ದಿನದ ಮುನಿಸು. ಅಕ್ಕಿ ಬಳ್ಳಾರಿಯ ಗಾಂಧಿನಗರದಿಂದ ಬಂದ ಮೆಕ್ಯಾನಿಕ್‌ಗೆ. ಮಾಡಿದ ಕೆಲಸವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದಕ್ಕೆ. ಮುನಿಸಿನ ಕಾರಣ ಬೇರೆ.

ಎಂಬತ್ತರ ದಶಕ. ಸಿರುಗುಪ್ಪದಲ್ಲಿ ನನ್ನದೊಂದು ಅಕ್ಕಿ ಗಿರಣಿ, ಗೋಡೆಯಾಚೆ ಕುರುಗೋಡು ಕಡೆಯವರದೊಂದು. ಅವರ ಮಗಳನ್ನು ನನ್ನ ಮಗನಿಗೆ ತರುವ ಮಾತಾಯಿತು. ಮದುವೆಗೆ ಮೊದಲೇ ಗಿರಣಿಗಳನ್ನು ಕೂಡಿಸಿದೆವು. ಇಬ್ಬರಲ್ಲೂ ಇಂಟರ್‌ಕಾಮ್ ಇತ್ತು. ಕಾಂಪೌಂಡಿನೊಳಗಿನ ನಂಬರಿಗೆ ಟೆಲಿಫೋನ್ ಇಲಾಖೆಯನ್ನು ಕೇಳಬೇಕಿಲ್ಲ. ಹಾಗಾಗಿ ಎಲ್ಲರೂ ಒಂದರಿಂದಲೇ ಶುರು ಮಾಡುತ್ತಾರೆ, ಒಂದು ಯಜಮಾನನಿಗೇ. ಎರಡೂ ಕಡೆಯ ತಂತಿ ಒಂದೇ ಪೆಟ್ಟಿಗೆಗೆ ಕಟ್ಟಿಸಿದಾಗ, ಒಂದೇ ನಂಬರು ಎರಡೆರಡು ಕಡೆ ಇರುತ್ತದೆಂದು ನಮಗೆ ಹೊಳೆಯಲೇ ಇಲ್ಲ.

ಗಿರಣಿ ಕೂಡಿದ ಮೇಲೆ ಇಬ್ಬರಿಗೂ ನನ್ನ ಬಾಯ್ಲರೇ. ಅದರ ನಂಬರು ಮೂರು. ಮರುದಿನ ಮೂರು ಒತ್ತಿ, ಬಾಯ್ಲರಿಗೆ ಹೊಟ್ಟು ಉರಿಸುವ ಆಳೆಂದುಕೊಂಡು ಎಂದಿನಂತೆ ಗದರಿದೆ: "ಲೇ, ಮಲಗೀಯೇನಲೇ? ಹೊಟ್ಟು ಹಾಕು!"

ಬೀಗರ ಅಡುಗೆಮನೆಯ ನಂಬರೂ ಮೂರೇ. "ಮಲಗಿಲ್ರಿ ಬೀಗ್ರ, ನಿಮಗಂತಾನ ಹೋಳಿಗಿ ಮಾಡಾಕತ್ತೀನಿ," ಎಂದರು ಬೀಗಿತಿ.

ಅವರೇನೋ ನಕ್ಕರು, ಬೀಗರು ನಗಲಿಲ್ಲ. ಲೇ ಎಂದವರ ಮನೆಗೆ ಹೆಣ್ಣು ಕೊಡುವುದು ಹೇಗೆ ಎಂಬಲ್ಲಿಗೆ ಮಾತು ಬಂತು. ಮೂರನೇ ದಿನ ನಾನೇ ಹೋದೆ.

"ತಪ್ಪಾತ್ರಿ. ನಿಮ್ಮ ನಂಬರು ಒಂದಿಷ್ಟು ಬದಲಿ ಮಾಡ್ಕೊಂಡ್ರ..."

"ಹೆಣ್ಣೂ ನಾವ ಕೊಡಬೇಕು, ನಂಬರೂ ನಾವ ಬಿಡಬೇಕೇನ್ರಿ?"

ಯಜಮಾನನ ಒಂದನೇ ನಂಬರು ಬಿಡಲು ಇಬ್ಬರಿಗೂ ಮನಸ್ಸಿಲ್ಲ. ಇಬ್ಬರಿಗೂ ಬೇಕಾದ ವಸ್ತುವನ್ನು ಮೂರನೆಯವರಿಗೆ ಕೊಟ್ಟುಬಿಡಬೇಕು. ಚೌಕಾಶಿಯಲ್ಲಿ ನಾನು ಕಲಿತದ್ದು ಅದು. "ಒಂದು ನನಗೂ ಬ್ಯಾಡ, ನಿಮಗೂ ಬ್ಯಾಡ. ಬಾಯ್ಲರಿಗೆ ಕೊಡೋಣ್ರಿ. ಅದು ಸಿಟ್ಟಿಗೆದ್ರ ನಾವಿಬ್ರೂ ಇರಂಗಿಲ್ಲ."

ಆಗ ಬೀಗರು ನಕ್ಕರು. ಇಪ್ಪತ್ತರ ಸಾಲು ಅವರಿಗೆ, ಮೂವತ್ತರ ಸಾಲು ನನಗೆ, ನಂಬರಿನ ಪುಸ್ತಕ ಬೀಗಿತಿಯ ಕೈಗೆ. ಹಿಂದಿನ ಗೋದಾಮಿಗೆ ನಾನೊಂದು ನಂಬರು ಕೇಳಿದಾಗ, "ಅಲ್ಲಿ ಫೋನ್ ಯಾರು ಎತ್ತಾರ್ರಿ, ಇಲಿನಾ?" ಎಂದು ಪುಸ್ತಕ ಮುಚ್ಚಿದರು. ಮದುವೆಯ ಊಟದಲ್ಲಿ ಮಾತ್ರ ಕೇಳದೆಯೇ ಎರಡು ಹೋಳಿಗೆ ಜಾಸ್ತಿ ಬಡಿಸಿದರು.

ನೀವೂ ಒಳಗಿನ ನಂಬರು ಹಂಚುವವರಾದರೆ ಒಂದರಿಂದ ಶುರು ಮಾಡಬೇಡಿ. ನಾಳೆ ಪಕ್ಕದವರೊಡನೆ ಕೂಡುವ ಕಾಲ ಬಂದೀತು. ಪುಸ್ತಕ ಒಂದೇ ಇರಲಿ, ನಿಮಗೂ "ಇಲ್ಲ" ಎನ್ನಬಲ್ಲವರ ಕೈಯಲ್ಲಿರಲಿ. ಯಾರೂ ಎತ್ತದ ಫೋನಿನ ನಂಬರು ವಾಪಸು ಪಡೆಯಿರಿ. ಆ ಕಡೆ ಯಾರೆಂದು ತಿಳಿಯುವ ತನಕ "ರೀ" ಎನ್ನಿ.